ಬಿಸಿ ಕೋಣೆಯಲ್ಲಿ ಮಂಕಾದ ಕಣ್ಣು

ಸುಮ್ಮನೆ ಕೂರುವುದು ನನಗೆ ಬಾರದ ವಿದ್ಯೆ. ಟಿ.ವಿ.ಯನ್ನೂ ನಿಂತೇ ನೋಡುತ್ತೇನೆ. ಫೋನು ಬಂದರೆ ಮಾತಾಡುತ್ತಲೇ ಮನೆಯೆಲ್ಲ ಸುತ್ತುತ್ತೇನೆ. ಸತ್ಯನಾರಾಯಣಪೇಟೆಯ ನಮ್ಮ ಮನೆ ಚಿಕ್ಕದು. ಅಡುಗೆಮನೆಯಿಂದ ಪಡಸಾಲೆಗೆ, ಪಡಸಾಲೆಯಿಂದ ಮಾಳಿಗೆಗೆ ನಾನು ಓಡಾಡುವುದನ್ನು ನೋಡಿ ನನ್ನ ಗಂಡ ಎರ್ರಿಸ್ವಾಮಿ, "ಒಂದ್ ಗಳಿಗಿ ಕುಂದ್ರು ನಾಗವೇಣಿ, ನಿನ್ ನೋಡಿ ನನಗ ತಲಿ ತಿರಗಾಕತ್ತೈತಿ" ಎನ್ನುತ್ತಿದ್ದರು.

ಬೆಳಗ್ಗೆ ಓಟ, ಸಂಜೆ ಜಿಮ್ಮು, ಭಾನುವಾರ ಎರಡೂ. ನನ್ನ ಕೆಲಸವೂ ನಿಂತು ಮಾಡುವುದೇ. ಬಳ್ಳಾರಿಯ ಒಂದು ಜೀನ್ಸ್ ಹೊಲಿಯುವ ಘಟಕದಲ್ಲಿ ಬಟ್ಟೆಯ ಶೇಡ್ ಹೊಂದಿಸುತ್ತೇನೆ. ಒಂದೇ ಪ್ಯಾಂಟಿನ ಎರಡು ಕಾಲು ಎರಡು ಬಗೆಯ ನೀಲಿಯಾಗಬಾರದು. ಅದನ್ನು ಕತ್ತರಿಸುವ ಮೊದಲೇ ಕಣ್ಣಿನಿಂದ ಹಿಡಿಯಬೇಕು. ದಿನವಿಡೀ ಮೇಜಿನ ಮೇಲೆ ಬಾಗಿ ಭುಜ, ಸೊಂಟ ಎರಡೂ ಮರಗಟ್ಟಿದ್ದವು. ಓಡಿದರೂ ಭಾರ ಎತ್ತಿದರೂ ಅವು ಸಡಿಲವಾಗಲಿಲ್ಲ.

ದೀಪಾವಳಿ ಕಳೆದ ಮೇಲೆ ನಮ್ಮ ಜಿಮ್ಮಿನ ಮೇಲಿನ ಮಹಡಿಯಲ್ಲಿ ಸ್ವಪ್ನಾ ಎಂಬ ಹುಡುಗಿ 'ಹಾಟ್ ಯೋಗ' ಶುರುಮಾಡಿದಳು. ಹೈದರಾಬಾದಿನಲ್ಲಿ ಕಲಿತು ಬಂದವಳು, ಮನೆಮಾತು ತೆಲುಗು. ಕಿಟಕಿ ಮುಚ್ಚಿ, ಹೀಟರ್ ಹಚ್ಚಿ, ಮೈಯೆಲ್ಲ ಬೆವರಿಳಿಯುವ ಕೋಣೆಯಲ್ಲಿ ಆಸನ ಹಾಕಿಸುತ್ತಾಳಂತೆ ಎಂದು ಸುದ್ದಿಯಾಯಿತು. ಎರ್ರಿಸ್ವಾಮಿ ನಕ್ಕೂ ನಕ್ಕೂ ಸುಸ್ತಾದರು.

"ಬಳ್ಳಾರಿಯಾಗ ಬಿಸಿ ಕೋಣಿ! ಬ್ಯಾಸಗಿಯಾಗ ಮಾಳಿಗಿ ಮ್ಯಾಲ ಕುಂತ್ರ ಆತಲ್ಲ? ಕರೆಂಟರ ಉಳೀತೈತಿ."

ಅವರು ನಗುವುದರಲ್ಲಿ ಅರ್ಥವಿತ್ತು. ಕುಡತಿನಿಯ ವಿದ್ಯುತ್ ಸ್ಥಾವರದಲ್ಲಿ ಬಾಯ್ಲರ್ ಪಕ್ಕದ ಕೆಲಸ ಅವರದು. ಬಿಸಿಯಿಂದ ದೂರ ಬರುವುದಕ್ಕೇ ಮನೆಗೆ ಬರುವ ಮನುಷ್ಯ.

ನಾನು ಸೇರಿದೆ. ಮೊದಲ ದಿನ ಉಸಿರು ಕಟ್ಟಿ ಹೊರಗೆ ಓಡಿಬಂದೆ. ಮರುದಿನ ಮತ್ತೆ ಹೋದೆ. ಒಂದು ತಿಂಗಳಾಗುವಷ್ಟರಲ್ಲಿ, ಎಂದೂ ಮಂಡಿ ಮುಟ್ಟದ ನನ್ನ ಹಣೆ ಮಂಡಿಯ ಮೇಲೆ ಕೂತಿತು. ಭುಜ ಹಗುರವಾಯಿತು, ರಾತ್ರಿ ನಿದ್ದೆ ಬಂತು. ಆದರೆ ನಾನು ಅಲ್ಲಿಗೆ ಹೋಗುತ್ತಿದ್ದ ನಿಜವಾದ ಕಾರಣ ಬೇರೆ. ಓಡುವಾಗ ನನ್ನ ತಲೆಯೂ ಓಡುತ್ತಿರುತ್ತದೆ. ನಾಳೆಯ ಅಡುಗೆ, ನಿನ್ನೆಯ ಜಗಳ, ಘಟಕದಲ್ಲಿ ಬಾಕಿ ಉಳಿದ ಬಟ್ಟೆ, ಎಲ್ಲವೂ ಜೊತೆಗೇ ಓಡುತ್ತವೆ. ಆ ಕೋಣೆಯಲ್ಲಿ ಮುಂದಿನ ಉಸಿರನ್ನು ಬಿಟ್ಟು ಬೇರೇನನ್ನೂ ಯೋಚಿಸಲು ಆಗುತ್ತಿರಲಿಲ್ಲ. ನನ್ನಂಥವಳಿಗೆ ಅದು ದೊಡ್ಡ ಬಿಡುಗಡೆ. ಮುಗಿದ ಮೇಲೆ ಚಾಪೆಯ ಮೇಲೆ ಬಿದ್ದುಕೊಂಡಾಗ ಮಾತ್ರ ನಾನು ನಿಜಕ್ಕೂ ಸುಮ್ಮನಿರುತ್ತಿದ್ದೆ.

ಸಂಕ್ರಾಂತಿ ಮುಗಿದ ಮೇಲಿನ ಒಂದು ಬೆಳಗ್ಗೆ ಕನ್ನಡಿಯ ಮುಂದೆ ಒಂಟಿ ಕಾಲಲ್ಲಿ ವೃಕ್ಷಾಸನದಲ್ಲಿ ನಿಂತಿದ್ದೆ. ಪಕ್ಕದಾಕೆಯ ಕೆಂಪು ಟೀ ಶರ್ಟು ನೋಡನೋಡುತ್ತಲೇ ಮಾಸಿ ಕಂದುಬಣ್ಣಕ್ಕೆ ತಿರುಗಿತು. ಬೆವರು ಕಣ್ಣಿಗಿಳಿದಿದೆ ಎಂದುಕೊಂಡು ಒರೆಸಿಕೊಂಡೆ. ಬಲಗಣ್ಣು ಮುಚ್ಚಿದೆ. ಕನ್ನಡಿಯಲ್ಲಿದ್ದ ನಾನು ಹೊಗೆಯ ಹಿಂದೆ ನಿಂತಂತೆ ಕಂಡೆ. ಎಡಗಣ್ಣು ಮುಚ್ಚಿದೆ. ಎಲ್ಲ ಸರಿಯಾಗಿತ್ತು. ಕಾಲು ಕೆಳಗಿಟ್ಟು, ಏನೂ ಆಗದವಳಂತೆ ಅದೇ ಕಟ್ಟಡದ ಮಾಳಿಗೆಗೆ ಹೋಗಿ ಗಾಳಿಗೆ ನಿಂತೆ. ಮೈ ಆರುತ್ತ ಬಂದ ಹಾಗೆ ಎಡಗಣ್ಣಿಗೆ ಊರು ಮರಳಿ ಬಂತು. ಮೊದಲು ನೀರಿನ ಟ್ಯಾಂಕುಗಳು, ಆಮೇಲೆ ಕೋಟೆಯ ಗುಡ್ಡ.

ಯಾರಿಗೂ ಹೇಳಲಿಲ್ಲ. ಮರುದಿನ ಮತ್ತೆ ಹಾಗೆಯೇ ಆಯಿತು. ಅಲ್ಲಿಂದ ಶುರುವಾದ ಚಡಪಡಿಕೆ ಹೇಗಿತ್ತೆಂದರೆ, ಸ್ಕೂಟಿ ನಿಲ್ಲಿಸಿದಲ್ಲೆಲ್ಲ ಒಂದು ಕಣ್ಣು ಮುಚ್ಚಿ ಅಂಗಡಿಗಳ ಬೋರ್ಡು ಓದುತ್ತಿದ್ದೆ. ಬಿಸಿನೀರು ಮೈಮೇಲೆ ಸುರಿದುಕೊಂಡು ಕಣ್ಣು ಪರೀಕ್ಷಿಸುತ್ತಿದ್ದೆ. ಓಡಿ ಬಂದು ಪರೀಕ್ಷಿಸುತ್ತಿದ್ದೆ. ಘಟಕದಲ್ಲಿ ಒಂದೇ ಬಟ್ಟೆಯನ್ನು ನಾಲ್ಕು ಸಲ ಬಿಚ್ಚಿ ನೋಡುತ್ತಿದ್ದೆ. ಹಿಂದಿನ ಮಳೆಗಾಲದಲ್ಲಿ ಅದೇ ಕಣ್ಣು ಹೊರಳಿಸುವಾಗ ಕೆಲವು ದಿನ ನೋವಿತ್ತು. ಫೋನು ಜಾಸ್ತಿ ನೋಡಿದ್ದಕ್ಕೆ ಎಂದು ಬಿಟ್ಟಿದ್ದೆ. ಅದು ಈಗ ನೆನಪಾಯಿತು.

ಕೊನೆಗೆ ಕಣ್ಣಿನ ಡಾಕ್ಟರ ಹತ್ತಿರ ಒಬ್ಬಳೇ ಹೋದೆ. ಕನ್ನಡಕ ಬರೆದುಕೊಟ್ಟು ಕಳಿಸುತ್ತಾರೆಂದು ನಂಬಿದ್ದೆ. ಅವರು ಎಡಗಣ್ಣಿನೊಳಗೆ ಬೆಳಕು ಬಿಟ್ಟು ನೋಡಿದರು, ಮತ್ತೊಮ್ಮೆ ನೋಡಿದರು. "ಕಣ್ಣಿನ ಹಿಂದಿನ ನರ ಯಾಕೋ ಬಿಳಿಚಿಕೊಂಡಂಗ ಐತ್ರಿ. ನರರೋಗದ ಡಾಕ್ಟರ್‌ಗೆ ತೋರಸ್ರಿ. ಮನ್ಯಾಗಿನವರನ್ನ ಕರ್ಕೊಂಡು ಹೋಗ್ರಿ." ಕೊನೆಯ ಆ ಮಾತು ಕೇಳಿ, ಹೊರಗೆ ಬಂದವಳೇ ಎರ್ರಿಸ್ವಾಮಿಗೆ ಫೋನು ಮಾಡಿದೆ.

ಆಸ್ಪತ್ರೆಯಲ್ಲಿ ಕಾಯುವ ಜಾಗದಲ್ಲಿ ಕುರ್ಚಿಗಳು ಒಂದಕ್ಕೊಂದು ಬೆಸೆದಿರುತ್ತವೆ. ಒಬ್ಬರು ಅಲುಗಾಡಿದರೆ ಸಾಲೆಲ್ಲ ಅಲುಗುತ್ತದೆ. ನಾನು ಕಾಲು ಕುಣಿಸುತ್ತಲೇ ಇದ್ದೆ. ಪಕ್ಕದಲ್ಲಿ ಕೂತಿದ್ದ ವಯಸ್ಸಾದ ಹೆಂಗಸು ನನ್ನ ಮಂಡಿಯ ಮೇಲೆ ಕೈಯಿಟ್ಟು, "ಹೆದರಿಕಿ ಬಂದೈತೇನವ್ವಾ? ಹೋಗಿ ಅಡ್ಡಾಡಿ ಬಾ. ನಿನ್ನ ಹೆಸರು ಕರದ್ರ ನಾ ಕೂಗ್ತೀನಿ" ಎಂದರು. ಎರ್ರಿಸ್ವಾಮಿ ಶಿಫ್ಟಿನಿಂದ ನೇರವಾಗಿ ಬಂದವರು ಬೂದಿ ಅಂಟಿದ ಬೂಟಿನಲ್ಲೇ ನಿಂತಿದ್ದರು. ನಾನು ಮೆಟ್ಟಿಲು ಹತ್ತಿ ಇಳಿದೆ. ನನ್ನ ಸರದಿ ಬಂದಾಗ ಆ ಹೆಂಗಸು ಸಾಲೆಲ್ಲ ತಿರುಗಿ ನೋಡುವಂತೆ ನನ್ನ ಹೆಸರು ಕೂಗಿದರು. ಅವರು ಯಾರು, ಯಾವ ಊರು, ಯಾವ ಕಾಯಿಲೆಗೆ ಬಂದಿದ್ದರು ಎಂದು ಕೇಳಲೂ ಇಲ್ಲ. ಈಗಲೂ ನೆನೆಯುತ್ತೇನೆ.

ಎಂ.ಆರ್.ಐ. ಕೋಣೆಗೆ ಹೋಗುವ ಮೊದಲು ಬಳೆ, ಓಲೆ, ತಾಳಿ ಎಲ್ಲ ತೆಗೆಯಬೇಕಿತ್ತು. ತಾಳಿಯನ್ನು ಗಂಡನ ಕೈಗೆ ಕೊಡುವಾಗ ಇಬ್ಬರೂ ಮುಖ ನೋಡಿಕೊಳ್ಳಲಿಲ್ಲ. ಅವರು ಅದನ್ನು ಅಂಗಿಯ ಜೇಬಿಗೆ ಹಾಕಿ, ಮೇಲೆ ಅಂಗೈ ಇಟ್ಟುಕೊಂಡರು. ಯಂತ್ರ ನಡೆಸುವವನು, ಒಳಗೆ ಅಲುಗಾಡಬಾರದು ಎಂದ. ಅಲುಗಾಡದಿರುವುದೇ ನನ್ನ ಕೈಲಾಗದ್ದು. ಬಡಿಯುವ, ಕೊರೆಯುವ ಆ ಸದ್ದಿನ ನಡುವೆ ಸ್ವಪ್ನಾ ಹೇಳಿಕೊಟ್ಟ ಹಾಗೆ ಉಸಿರು ಒಳಗೆ, ಉಸಿರು ಹೊರಗೆ ಎಂದುಕೊಂಡು ಬಿದ್ದಿದ್ದೆ. ಹೊರಗೆ ಬಂದಾಗ ಎರ್ರಿಸ್ವಾಮಿ ಅದೇ ಜಾಗದಲ್ಲಿ, ಜೇಬಿನ ಮೇಲೆ ಕೈಯಿಟ್ಟುಕೊಂಡೇ ನಿಂತಿದ್ದರು.

ಬೆನ್ನಿನ ನೀರು ತೆಗೆದು ನೋಡಿದ್ದೂ ಆಯಿತು. ನರರೋಗದ ಡಾಕ್ಟರು ಕಾಯಿಲೆಯ ಹೆಸರು ಹೇಳಿದರು: ಮಲ್ಟಿಪಲ್ ಸ್ಕ್ಲೆರೋಸಿಸ್, ಚಿಕ್ಕದಾಗಿ ಎಂಎಸ್. ನಮ್ಮ ಮೈಯ ಕಾವಲುಗಾರರೇ ನಮ್ಮ ನರಗಳನ್ನು ಕಡಿಯುವ ಕಾಯಿಲೆ. ವಾಸಿಯಾಗುವುದಿಲ್ಲ, ಆದರೆ ಔಷಧಿಯಿಂದ ಹಿಡಿತದಲ್ಲಿಡಬಹುದು. ಅವರು ಹೇಳಿದ್ದರಲ್ಲಿ ನನಗೆ ಅಂಟಿದ್ದು ಇಷ್ಟೇ. ಆಮೇಲೆ ಅವರು, "ಮೈ ಜಾಸ್ತಿ ಬಿಸಿ ಆಗದಂಗ ನೋಡ್ಕೊಳ್ರಿ" ಎಂದರು.

ಎರ್ರಿಸ್ವಾಮಿ ಕಿಟಕಿಯ ಕಡೆ ನೋಡಿದರು. ಶಿವರಾತ್ರಿ ಆಗಲೇ ಕಳೆದಿತ್ತು; ಹೊರಗೆ ಬಿಳೀ ಬಿಸಿಲು. "ಬಳ್ಳಾರಿಯಾಗ ಇದ್ಕೊಂಡು ಬಿಸಿ ಆಗದಂಗ ಹೆಂಗ್ರಿ ಸಾರ್? ಊರು ಬಿಡಬೇಕಾ?"

"ಊರು ಯಾಕ ಬಿಡ್ತೀರಿ? ಬಿಸಿ ಈ ರೋಗ ತಂದಿಲ್ಲ. ಒಳಗ ಇದ್ದದ್ದನ್ನ ತೋರಿಸ್ತು, ಅಷ್ಟೇ. ಮೈ ತಂಪಾದ ಕೂಡ್ಲೆ ಕಣ್ಣು ವಾಪಸ್ ಬರ್ತೈತಿ. ತಂಪಾದ ಮ್ಯಾಲೂ ಹಂಗ ಉಳಿದು ಒಂದು ದಿನ ದಾಟಿದ್ರ ಓಡಿ ಬರ್ರಿ. ಇಲ್ಲಂದ್ರ ಹೆದರಬ್ಯಾಡ್ರಿ."

ಆ ಮಾತನ್ನು ನಾನು ಕೇಳಿದೆ. ನನ್ನ ಗಂಡ ಕೇಳಲಿಲ್ಲ ಎಂಬುದು ನನಗೆ ಆಮೇಲೆ ಗೊತ್ತಾಯಿತು.

ಅದೇ ವಾರ ಎಡಗಾಲೂ ಜೋಮು ಹಿಡಿಯಿತು. ಆಸ್ಪತ್ರೆಯಲ್ಲಿ ಮಲಗಿಸಿ ರಕ್ತನಾಳಕ್ಕೆ ಸ್ಟಿರಾಯ್ಡ್ ಹನಿಸಿದರು. ಬಾಯಲ್ಲಿ ಕಬ್ಬಿಣ ನೆಕ್ಕಿದ ರುಚಿ. ಮೊದಲೇ ಕೂರಲಾಗದ ನನಗೆ ಆ ಔಷಧಿ ಇನ್ನಷ್ಟು ಕಿಚ್ಚು ಹಚ್ಚಿತು. ಮೈ ದಣಿದು ಹಾಸಿಗೆ ಬೇಡುತ್ತಿತ್ತು, ಒಳಗಿನ ಮೋಟಾರು ನಿಲ್ಲುತ್ತಲೇ ಇರಲಿಲ್ಲ. ಸಲೈನು ಹಿಡಿದುಕೊಂಡು ವರಾಂಡದಲ್ಲಿ ಕಾಲೆಳೆಯುತ್ತ ನಡೆಯುತ್ತಿದ್ದೆ. ನರ್ಸು ಬೈಯುತ್ತಿದ್ದರು, ಆಮೇಲೆ ತಾವೇ ಬಾಟಲಿ ಹಿಡಿದು ಜೊತೆಗೆ ನಡೆಯುತ್ತಿದ್ದರು.

ಮನೆಗೆ ಬಂದ ಮೇಲೆ ಎಲ್ಲರೂ ಸೇರಿ ನನ್ನನ್ನು ಸಿರುಗುಪ್ಪಕ್ಕೆ, ತಂಗಿ ಶಾರದಾಳ ಮನೆಗೆ ಕಳಿಸಿದರು. ಗದ್ದೆ, ಕಾಲುವೆ ಇರುವ ಕಡೆ ತಂಪಿರುತ್ತದೆ ಎಂಬ ಲೆಕ್ಕ. ಪಕ್ಕದ ದೇಶನೂರಿನ ನಮ್ಮ ತವರಿನಿಂದ ಅವ್ವನೂ ಬಂದು ಕೂತಳು. ಏರ್ ಕೂಲರಿನ ಮುಂದೆ ಮಂಚ ಹಾಕಿ ನನ್ನನ್ನು ಅದರ ಮೇಲೆ ಕೂರಿಸಿದರು. ನೀರು ಕುಡಿಯಲು ಎದ್ದರೂ, "ಯಾಕ ಎದ್ದಿ? ಕೇಳಿದ್ರ ನಾ ಕೊಡಂಗಿಲ್ಲೇನು?" ಎಂದು ಅವ್ವ ಅಳುತ್ತಿದ್ದಳು. ಅವ್ವ ಅತ್ತರೆ ನಾನು ರೇಗುತ್ತಿದ್ದೆ. ಅವರ ಪ್ರೀತಿಯಿಂದ ತಪ್ಪಿಸಿಕೊಳ್ಳಲು ಸ್ನಾನದ ಮನೆಯೊಳಗೆ ಚಿಲಕ ಹಾಕಿಕೊಂಡು, ಗೋಡೆ ಹಿಡಿದು ಒಂಟಿ ಕಾಲಲ್ಲಿ ನಿಲ್ಲುತ್ತಿದ್ದೆ. ಬೀಳುತ್ತಿದ್ದೆ. ಮತ್ತೆ ನಿಲ್ಲುತ್ತಿದ್ದೆ.

ಒಂದು ಮಧ್ಯಾಹ್ನ ಶಾರದಾ ಅಕ್ಕಿ ಆರಿಸುತ್ತ, "ಭಾವ ಮಾಡಿದ್ದು ಚಲೋ ಆತು ಬಿಡಕ್ಕಾ" ಎಂದಳು.

"ಏನ್ ಮಾಡಿದ್ರು?"

"ನಿನಗ ಹೇಳಿಲ್ಲೇನು? ಆ ಯೋಗದಾಕಿ ಕಡೆ ಹೋಗಿ ಎಲ್ಲರ ಮುಂದ ಬೈದು ಬಂದಾರಂತ. ನಿನ್ನ ಕೋಣಿಯಿಂದ ನನ್ನ ಹೆಂಡ್ತಿ ಕಣ್ಣು ಹೋತು ಅಂತ. ಆಕಿ ಕ್ಲಾಸು ಬಂದ್ ಮಾಡ್ಯಾಳಂತ."

ನಾನು ಎದ್ದು ಸೀರೆ ಬದಲಿಸಿದೆ. ಅವ್ವ ಬಾಗಿಲಿಗೆ ಅಡ್ಡ ನಿಂತಳು. "ಈ ಬಿಸಲಾಗ ಹೋದ್ರ ಕಣ್ಣು ಪೂರಾ ಹೋಗ್ತಾವ ನಾಗಿ!"

"ಹೋಗಂಗಿಲ್ಲಬೇ. ಡಾಕ್ಟರು ಹೇಳ್ಯಾರ. ಹೋಗಂಗಿಲ್ಲ." ಅವ್ವನಿಗೆ ಹೇಳಿದ ಹಾಗೆ ನನಗೂ ಹೇಳಿಕೊಂಡೆ.

ಬಸ್ಸಿನಲ್ಲಿ ಕಿಟಕಿಯ ಸರಳು ಮುಟ್ಟುವ ಹಾಗಿರಲಿಲ್ಲ. ತೆಕ್ಕಲಕೋಟೆ ದಾಟುವಷ್ಟರಲ್ಲಿ ಎಡಗಣ್ಣಿನ ಲೋಕ ಮಸುಕಾಗತೊಡಗಿತು. ಮುಂದಿನ ಸೀಟಿನ ಹೆಂಗಸಿನ ತಲೆಯ ಹೂವು ಕಾಣದಾಯಿತು. ಇಳಿದುಬಿಡಲೇ ಎನ್ನಿಸಿತು. ಯಾವ ಊರಲ್ಲಿ ಇಳಿಯುವುದು, ಇಳಿದು ಯಾವ ಕಡೆ ಓಡುವುದು? ಬಾಟಲಿಯ ನೀರನ್ನು ಟವೆಲ್ಲಿಗೆ ಸುರಿದು ಕತ್ತಿಗೆ ಸುತ್ತಿಕೊಂಡೆ. ಒಂದೊಂದು ನಿಲ್ದಾಣಕ್ಕೂ ಎದ್ದೆ, ಒಂದೊಂದಕ್ಕೂ ಕೂತೆ. ಬಳ್ಳಾರಿಯಲ್ಲಿ ಇಳಿದು ನಿಲ್ದಾಣದ ನಳದ ಕೆಳಗೆ ತಲೆಯೊಡ್ಡಿ, ನೆರಳಲ್ಲಿ ಗೋಡೆಗೊರಗಿದೆ. ಸಾಕಷ್ಟು ಹೊತ್ತು ಹಿಡಿಯಿತು. ಆದರೆ ಬಂತು. ಎದುರಿನ ಬಸ್ಸಿನ ಬೋರ್ಡಿನ ಮೇಲಿನ ಅಕ್ಷರಗಳು ಎಡಗಣ್ಣಿಗೂ ಕೂಡಿ ಬಂದಾಗ, ಅಷ್ಟು ಜನರ ನಡುವೆ ಅತ್ತುಬಿಟ್ಟೆ.

ಸ್ವಪ್ನಾ ಖಾಲಿ ಕೋಣೆಯಲ್ಲಿ ಚಾಪೆಗಳನ್ನು ಸುತ್ತಿ ಕಟ್ಟುತ್ತಿದ್ದಳು. ನನ್ನನ್ನು ನೋಡಿ ಹಿಂದೆ ಸರಿದಳು.

"ಅಕ್ಕಾ, ನಿಮ್ಮ ಕಣ್ಣು..."

"ಐತಿ. ನೀನೂ ಕಾಣ್ತಿ, ನಿನ್ನ ಮೂಗುಬಟ್ಟೂ ಕಾಣ್ತೈತಿ. ಕುಂದ್ರು."

ಅವಳು ಕೂರಲಿಲ್ಲ. "ಅಣ್ಣ ಹಂಗಂದ ಮೇಲಿಂದ ನನಗೆ ನಿದ್ದೆ ಇಲ್ಲ ಅಕ್ಕಾ. ಆವತ್ತು ನೀವು ಕಣ್ಣು ಒರೆಸ್ಕೊಳ್ಳೋದು ನೋಡಿದ್ದೆ. ಕೇಳಬೇಕಿತ್ತು."

"ನೀ ಕೇಳಿದ್ರೂ ನಾ ಸುಳ್ಳ ಹೇಳ್ತಿದ್ದೆ." ನಾನು ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದೆ. "ಈ ಕೋಣಿ ಇರಲಿಲ್ಲಂದ್ರ ನನಗ ಇನ್ನೂ ಗೊತ್ತಾಗ್ತಿರಲಿಲ್ಲ. ಕಾಲು ಬಿದ್ದ ಮ್ಯಾಲ ಗೊತ್ತಾಗ್ತಿತ್ತೋ ಏನೋ."

ಆಗ ಅವಳು ಚಾಪೆಯ ಕಟ್ಟಿನ ಮೇಲೆ ಕುಸಿದು ಕೂತು, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು.

ಸಂಜೆ ಶಿಫ್ಟು ಮುಗಿಸಿ ಬಂದ ಎರ್ರಿಸ್ವಾಮಿಗೆ ನಾನು ಮನೆಯಲ್ಲಿರುವುದನ್ನು ನೋಡಿ ಗಾಬರಿ. ನಾನು ಕೂಗಾಡಿದೆ. ಅವರೂ ಕೂಗಾಡಿದರು. "ಬಿಸಿ ಏನ್ ಮಾಡ್ತೈತಿ ಅಂತ ನನಗ ಗೊತ್ತೈತಿ! ಬಾಯ್ಲರ್ ಹತ್ರ ನನ್ನ ಕಣ್ಣ ಮುಂದ ಮನುಷ್ಯಾ ಬಿದ್ದಾನ. ನಿಂತಾಂವ ನಿಂತಂಗ ಬಿದ್ದ. ನಿನಗ ಹಂಗ ಆದ್ರ ನಾ ಯಾರನ್ನ ಕೇಳ್ಲಿ?" ಇಷ್ಟು ದಿನ ಅವರು ಹೆದರಿದ್ದಾರೆಂದು ನನಗೆ ಹೊಳೆದೇ ಇರಲಿಲ್ಲ. ಕಾಯಿಲೆಯ ಹೆಸರು ಅವರ ಬಾಯಿಗೆ ಬರುತ್ತಿರಲಿಲ್ಲ, ಅದರ ಜೊತೆ ಜಗಳವಾಡಲು ಅವರಿಗೆ ದಾರಿ ಗೊತ್ತಿರಲಿಲ್ಲ. ಬಿಸಿ ಗೊತ್ತಿತ್ತು. ಹಾಗಾಗಿ ಬಿಸಿಯ ಮೇಲೆ ಹೋಗಿದ್ದರು.

ಮುಂದಿನ ಸಲ ಡಾಕ್ಟರ ಹತ್ತಿರ ಹೋದಾಗ ಅದೇ ಪ್ರಶ್ನೆಯನ್ನು ಅವರೇ ಮತ್ತೆ ಕೇಳಿದರು, ಈ ಸಲ ಉತ್ತರವನ್ನು ಪೂರ್ತಿ ಕೇಳಿಸಿಕೊಂಡರು. ಅಲ್ಲಿಂದ ನೇರ ಸ್ವಪ್ನಾಳ ಕೋಣೆಗೆ ಹೋದೆವು. ಬಾಗಿಲಲ್ಲಿ ಚಪ್ಪಲಿ ಬಿಟ್ಟು ನಿಂತು, "ತಪ್ಪಾತವ್ವ. ಕ್ಲಾಸು ಚಾಲೂ ಮಾಡು" ಎಂದರು. ಅಷ್ಟೇ. ಅವಳು "ಕಾಫಿ ತಾಗ್ತಾರಾ ಅಣ್ಣಾ?" ಎಂದು ತೆಲುಗಿನಲ್ಲೇ ಕೇಳಿದಳು. ಕುಡಿದು ಬಂದೆವು.

ಕ್ಲಾಸು ಬಿಟ್ಟುಹೋದವರಲ್ಲಿ ಕೆಲವರು ಮರಳಿ ಬಂದರು, ಕೆಲವರು ಬರಲಿಲ್ಲ. ಈಗಲೂ ಯಾರಾದರೂ, "ಓಟ, ಜಿಮ್ಮು ಎಲ್ಲ ಐತ್ರಿ, ಹಾಟ್ ಯೋಗಾನೂ ಸೇರಲಾ?" ಎಂದು ನನ್ನನ್ನೇ ಕೇಳುತ್ತಾರೆ. ಸೇರಿ ಎನ್ನುತ್ತೇನೆ. ನನ್ನ ಭುಜ ಸಡಿಲವಾದದ್ದು ಅಲ್ಲಿ, ನನ್ನ ತಲೆ ಸುಮ್ಮನಾದದ್ದು ಅಲ್ಲಿ. ಹೊಲಿಗೆ ಯಂತ್ರದ ಮುಂದೆ ಬಗ್ಗಿ ಬಗ್ಗಿ ಬೆನ್ನು ಹಿಡಿದ ನಮ್ಮ ಘಟಕದ ಇಬ್ಬರು ಹೆಂಗಸರು ಅಲ್ಲಿ ಹಗುರಾಗಿದ್ದಾರೆ. ಆದರೆ ಮೊದಲು ನಿಮ್ಮ ಡಾಕ್ಟರನ್ನು ಕೇಳಿ, ಬಿಸಿಯಲ್ಲಿ ಮೈ ಏನಾದರೂ ವಿಚಿತ್ರ ಹೇಳಿದರೆ ನನ್ನ ಹಾಗೆ ಮುಚ್ಚಿಡಬೇಡಿ, ಅಂದೇ ಹೇಳಿ ಎನ್ನುತ್ತೇನೆ.

ನಾನು ಮಾತ್ರ ಆ ಕೋಣೆಗೆ ಹೋಗುವುದಿಲ್ಲ. ಹೋಗಬೇಕೆನ್ನಿಸುವುದು ಹೋಗಿಲ್ಲ. ಬೆಳಕು ಮೂಡುವ ಮೊದಲೇ ಓಟ ಮುಗಿಸುತ್ತೇನೆ, ಕತ್ತಿಗೆ ಒದ್ದೆ ಟವೆಲ್ಲು. ಆಮೇಲೆ ಮಾಳಿಗೆಯ ಮೇಲೆ ಆಸನ. ಇಂಜೆಕ್ಷನ್ನು ನಾನೇ ಚುಚ್ಚಿಕೊಳ್ಳುತ್ತೇನೆ. ಎರ್ರಿಸ್ವಾಮಿ ಅಷ್ಟು ಹೊತ್ತು ಗೋಡೆ ನೋಡುತ್ತಾರೆ. ಎಡ ಹಿಮ್ಮಡಿಯಲ್ಲಿ ಜೋಮು ಉಳಿದಿದೆ. ಎಡಗಣ್ಣಿಗೆ ಬಣ್ಣಗಳು ಪೂರ್ತಿ ಮರಳಲಿಲ್ಲ. ಘಟಕದಲ್ಲಿ ಶೇಡ್ ನೋಡುವುದು ಈಗ ಬೆಳಗಿನ ತಂಪು ಹೊತ್ತಿನಲ್ಲಿ, ಬಲಗಣ್ಣಿನಿಂದ. ಅನುಮಾನ ಬಂದರೆ ಪಕ್ಕದವರನ್ನು ಕರೆಯುತ್ತೇನೆ. ಮೊದಲೆಲ್ಲ ಕರೆಯುವಾಗ ನಾಚಿಕೆಯಾಗುತ್ತಿತ್ತು. ಕೆಲವು ದಿನ ದಣಿವು ಗೋಡೆಯ ಹಾಗೆ ಬಂದು ನಿಲ್ಲುತ್ತದೆ. ಆ ದಿನಗಳಲ್ಲಿ ಮಲಗಿಕೊಂಡೇ ಚಡಪಡಿಸುತ್ತೇನೆ.

ಹೋದ ಬೇಸಿಗೆಯಲ್ಲಿ ಡಾಕ್ಟರು ಫೋನು ಮಾಡಿಸಿ, ಕುರುಗೋಡಿನ ಒಬ್ಬ ಹುಡುಗಿಗೆ ಇದೇ ಕಾಯಿಲೆ ಬಂದಿದೆ, ನಿಮ್ಮ ಜೊತೆ ಮಾತಾಡಬೇಕಂತೆ ಎಂದರು. ಹೆಸರು ರೇಣುಕಾ, ಮದುವೆಯಾಗಿ ವರ್ಷವಾಗಿರಲಿಲ್ಲ. ಫೋನಿನಲ್ಲಿ ಅವಳು ಕೇಳಿದ ಮೊದಲ ಪ್ರಶ್ನೆ, "ಅಕ್ಕಾ, ಒಲಿ ಮುಂದ ರೊಟ್ಟಿ ಬಡೀಬಹುದಾ?"

ಬೆಳಗಿನ ಮೊದಲ ಬಸ್ಸಿಗೇ ಹೋದೆ. ನಾನು ಅವಳ ಮನೆ ತಲುಪುವಷ್ಟರಲ್ಲಿ ಅವಳು ಒಲೆಯ ಮುಂದೆ ಕೂತಿದ್ದಳು. ಬಂದವರಿಗೆ ಬಿಸಿ ರೊಟ್ಟಿ ಹಾಕಬೇಕೆಂಬ ಹಟ. ನಾನು ಪಡಸಾಲೆಯಲ್ಲಿ ಅವಳ ಅತ್ತೆಯೊಂದಿಗೆ ಮಾತಾಡುತ್ತಿದ್ದಾಗ ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತು.

"ಅಕ್ಕಾ," ಅವಳ ದನಿ ಸಣ್ಣಗಿತ್ತು. "ಮತ್ತ ಬಂತು. ಒಂದು ಕಣ್ಣು ಕಾಣವಲ್ದು."

ಅತ್ತೆ ಎದೆ ಬಡಿದುಕೊಂಡು, "ಲಗೂನ ಗಾಡಿ ತರಸ್ರಿ, ದವಾಖಾನಿಗೆ ಹೋಗೂಣು" ಎಂದು ಬಾಗಿಲಿಗೆ ಓಡಿದರು.

"ತಡೀರಿ ಅಮ್ಮಾ. ನನಗೂ ಹಿಂಗ ಆಗ್ತೈತಿ." ಹುಡುಗಿಯನ್ನು ಕೈಹಿಡಿದು ಹೊರಗಿನ ಕಟ್ಟೆಯ ಮೇಲೆ ತಂದು ಕೂರಿಸಿ, ಒದ್ದೆ ಟವೆಲ್ಲನ್ನು ಅವಳ ಕತ್ತಿಗೆ ಹಾಕಿದೆ. ಅವಳ ಕೈ ಹಿಟ್ಟಾಗಿತ್ತು. ನನ್ನ ಕೈಯನ್ನು ಬಿಗಿಯಾಗಿ ಹಿಡಿದುಕೊಂಡಳು.

"ಪ್ರತಿ ಸಲ ವಾಪಸ್ ಬಂದೈತೇನ್ರಿ ನಿಮಗ?"

"ಇಲ್ಲೀತನಕ ಬಂದೈತಿ. ನಾಳೆ ನನಗೂ ಗೊತ್ತಿಲ್ಲ. ಸಂಜೀತನಕ ನೋಡೂಣು, ಬರಲಿಲ್ಲಂದ್ರ ನಾನೇ ನಿನ್ನ ದವಾಖಾನಿಗೆ ಕರ್ಕೊಂಡು ಹೋಗ್ತೀನಿ."

ಅವಳ ಹೆದರಿಕೆ ನನ್ನ ಕೈಯಲ್ಲಿ ಮಿಡಿಯುತ್ತಿತ್ತು. ಎದ್ದು ಅಡ್ಡಾಡಬೇಕೆಂದು ನನ್ನ ಕಾಲು ಎಳೆಯುತ್ತಿದ್ದವು. ಅವಳು ಕೈ ಬಿಡಲಿಲ್ಲ. ನಾನು ಏಳಲಿಲ್ಲ. ಒಳಗೆ ರೊಟ್ಟಿ ಸೀಯುವ ವಾಸನೆ ಬಂತು. ಅತ್ತೆ ಒಮ್ಮೆ ನಮ್ಮನ್ನೂ ಒಮ್ಮೆ ಒಲೆಯನ್ನೂ ನೋಡಿ, ಕೊನೆಗೆ ಸೆರಗು ಸಿಕ್ಕಿಸಿ ಒಲೆಯ ಮುಂದೆ ಹೋಗಿ ಕೂತರು.

ರೇಣುಕಾ ಒಂದು ಅಂಗೈಯಿಂದ ಒಳ್ಳೆಯ ಕಣ್ಣನ್ನು ಮುಚ್ಚಿಕೊಂಡು ಊರಾಚೆಗೇ ನೋಡುತ್ತಿದ್ದಳು. ಬಹಳ ಹೊತ್ತಿನ ಮೇಲೆ ಅವಳ ಹಿಡಿತ ಸ್ವಲ್ಪ ಸಡಿಲವಾಯಿತು.

"ಅಕ್ಕಾ, ಗುಡ್ಡ ಬಂತು," ಎಂದಳು. ಮತ್ತೆ ಸ್ವಲ್ಪ ಹೊತ್ತಿಗೆ, "ಗುಡ್ಡದ ಮ್ಯಾಲಿನ ಬಂಡಿಗಲ್ಲೂ ಬಂದ್ವು."

ಒಳಗಿನಿಂದ ಅತ್ತೆ ಕೂಗಿದರು, "ರೊಟ್ಟಿ ಆರ್ತಾವ, ಬರ್ರಿ ಇಬ್ರೂ."